ಯುದ್ಧಕಥೆಯಲ್ಲಿ ನಿಷಿದ್ಧ ಪ್ರೇಮ
(ವಾರ್ಷಿಕೋತ್ಸವದ ಸಾಹಿತ್ಯಗೋಷ್ಠಿಯಲ್ಲಿ ಮಾಡಿದ ಭಾಷಣ)



ಪರಸ್ತ್ರೀಯಲ್ಲಿ ಹುಟ್ಟುವ ರತಿಯನ್ನು ನಮ್ಮ ಆಲಂಕಾರಿಕರು ರಸವೆಂದು ಒಪ್ಪಲಿಲ್ಲ. ಔಚಿತ್ಯ ಕೆಟ್ಟುದರಿಂದ ಅದು ರಸಾಭಾಸವೆಂದರು. ಸೀತೆಯಲ್ಲಿ ರಾವಣನಿಗಿದ್ದ ಮೋಹವನ್ನು ಉದಾಹರಿಸಿದರು. ಅದೇ ರಾವಣನನ್ನು ನಮ್ಮ ನಾಗಚಂದ್ರನು ಬೇರೊಂದು ಕಣ್ಣಿನಿಂದ ಕಂಡನು. ಪಂಪರಾಮಾಯಣದಲ್ಲಿ ಸೀತೆಯ ದೃಢತೆಯನ್ನು ಕಂಡ ರಾವಣನು ಯುದ್ಧದ ನಡುವೆಯೇ ಪಶ್ಚಾತ್ತಾಪಪಡುತ್ತಾನೆ. ಆದರೂ ಒಡನೆಯೇ ಅವಳನ್ನು ಒಪ್ಪಿಸಲೊಲ್ಲ. ರಾಮಲಕ್ಷ್ಮಣರನ್ನು ಗೆದ್ದು ಸೆರೆಹಿಡಿದ ಮೇಲೆ ಒಪ್ಪಿಸುವೆನೆನ್ನುತ್ತಾನೆ. ಮೋಹವನ್ನು ಬಿಟ್ಟವನಿಗೆ ಅಭಿಮಾನವನ್ನು ಬಿಡಲಾಗಲಿಲ್ಲ.

ಇದನ್ನು ನೆನಪಿನಲ್ಲಿಟ್ಟುಕೊಂಡು ನಾವು ಈಗ ಒಂದು ಹಿಂದೀ ಕಥೆಯತ್ತ ತಿರುಗೋಣ. ಚಂದ್ರಧರ ಶರ್ಮಾ ಗುಲೇರಿಯವರ ‘ಉಸ್‌ನೇ ಕಹಾ ಥಾ’, ಎಂದರೆ ‘ಅವಳು ಹೇಳಿದ್ದಳು’, ‘ಸರಸ್ವತಿ’ ಪತ್ರಿಕೆಯಲ್ಲಿ ೧೯೧೫ರಲ್ಲಿ ಪ್ರಕಟವಾಯಿತು. ಆಗ ಪ್ರಥಮ ಮಹಾಯುದ್ಧವು ನಡೆಯುತ್ತಲೇ ಇದ್ದಿತು; ನಮ್ಮ ದೇಶದ ಸಿಪಾಯಿಗಳು ಫ್ರಾನ್ಸಿನ ಕಂದಕಗಳಲ್ಲಿ ನಿಂತು ಕಾದುತ್ತಿದ್ದರು. ಗುಲೇರಿಯವರು ಸಂಸ್ಕೃತ ವಿದ್ವಾಂಸರು. ಪಂಡಿತರಿಗೆ ಕಥೆ ಬರೆಯಲು ಬಾರದೆನ್ನುವ ಮಿತ್ರರು ಇದನ್ನು ಅವಶ್ಯವಾಗಿ ಓದತಕ್ಕದ್ದು.

ಅಮೃತಸರದ ಪೇಟೆಯಲ್ಲಿ ಹನ್ನೆರಡು ವರುಷದ ಹುಡುಗನೂ ಎಂಟು ವರುಷದ ಹುಡುಗಿಯೂ ಆಗಾಗ ಎದುರಾಗುತ್ತಾರೆ. ನಿನಗೆ ನಿಶ್ಚಿತಾರ್ಥವಾಯಿತೇ ಎಂದು ಅವನು ಛೇಡಿಸುವುದು, ಅವಳು ನಾಚಿ ಓಡುವುದು. ಒಂದು ದಿನ ಅವಳು ಹೌದೆಂದುಬಿಡುತ್ತಾಳೆ. ಮನೆಗೆ ಹೋಗುವ ದಾರಿಯಲ್ಲಿ ಅವನು ಒಬ್ಬ ಹುಡುಗನನ್ನು ಮೋರಿಗೆ ತಳ್ಳುತ್ತಾನೆ, ನಾಯಿಗೆ ಕಲ್ಲೆಸೆಯುತ್ತಾನೆ. ಲೇಖಕರು ಅವನ ದುಃಖದ ವಿಷಯವಾಗಿ ಬೇರೇನೂ ಹೇಳುವುದಿಲ್ಲ.

ಇಪ್ಪತ್ತೈದು ವರುಷಗಳು ಕಳೆದಿವೆ. ಆ ಹುಡುಗನು ಈಗ ಜಮಾದಾರ ಲಹನಾಸಿಂಗ್. ಆ ಹುಡುಗಿ ಅವನ ಮೇಲಧಿಕಾರಿಯಾದ ಸುಬೇದಾರ ಹಜಾರಾಸಿಂಗನ ಪತ್ನಿ. ಯುದ್ಧಕ್ಕೆ ಹೊರಡುವಾಗ ಅವಳೇ ಅವನನ್ನು ಗುರುತಿಸಿ ಒಳಕ್ಕೆ ಕರೆಯುತ್ತಾಳೆ. ಹಿಂದೊಮ್ಮೆ ಬೆದರಿದ ಟಾಂಗಾಕುದುರೆಯಿಂದ ತನ್ನನ್ನು ಉಳಿಸಿದಂತೆಯೇ ತನ್ನ ಗಂಡನನ್ನೂ ಉಳಿದೊಬ್ಬ ಮಗ ಬೋಧಾಸಿಂಗನನ್ನೂ ಉಳಿಸಬೇಕೆಂದು ಸೆರಗೊಡ್ಡುತ್ತಾಳೆ.

ಕಂದಕದಲ್ಲಿ ಬೋಧಾಸಿಂಗನಿಗೆ ಚಳಿಜ್ವರ. ಲಹನಾಸಿಂಗನು ತನ್ನ ಕಂಬಳಿಗಳನ್ನೂ ಉಣ್ಣೆಯಂಗಿಯನ್ನೂ ಅವನಿಗೆ ಹೊದಿಸಿ, ಅವನ ಪಹರೆಯನ್ನೂ ತಾನೇ ಮಾಡುತ್ತಾನೆ. ಇಂಗ್ಲಿಷ್ ಅಧಿಕಾರಿಯ ವೇಷದಲ್ಲಿ ಬಂದ ಜರ್ಮನನು ಸಿಖ್ಖನಿಗೆ ಸಿಗರೇಟು ನೀಡಿ ಸಿಕ್ಕಿಬೀಳುತ್ತಾನೆ. ಕಾಳಗದಲ್ಲಿ ಲಹನಾಸಿಂಗನ ಪಕ್ಕೆಗೆ ಗುಂಡು ತಗಲುತ್ತದೆ. ಅವನು ಗಾಯಕ್ಕೆ ಮಣ್ಣು ತುಂಬಿ, ರುಮಾಲಿನಿಂದ ಬಿಗಿದು, ಯಾರಿಗೂ ತೋರಗೊಡುವುದಿಲ್ಲ. ಗಾಯಾಳುಗಳ ಬಂಡಿ ಬಂದಾಗ ಆಣೆಯಿಟ್ಟು ತಂದೆಮಕ್ಕಳನ್ನು ಹತ್ತಿಸುತ್ತಾನೆ. ಆಕೆ ಹೇಳಿದುದನ್ನು ಮಾಡಿದೆನೆಂದು ತಿಳಿಸಿರೆನ್ನುತ್ತಾನೆ. ಅವಳೇನು ಹೇಳಿದ್ದಳೆಂದು ಗಂಡನು ಕೇಳುತ್ತಾನೆ. ಉತ್ತರವಿಲ್ಲ.

ಇದು ರಸಾಭಾಸವೆ? ಅಲ್ಲವೆಂದು ನಮ್ಮ ಅಭಿಪ್ರಾಯ. ಪ್ರೇಮವು ನಿಷಿದ್ಧವೆಂಬುದನ್ನು ಲಹನಾಸಿಂಗನು ಬಲ್ಲನು. ಮಾತಿನಲ್ಲಿಯೂ ಅದನ್ನು ಹೊರಗೆಡಹುವುದಿಲ್ಲ. ಇಂತಹ ಕಥೆಯನ್ನು ಮನೆಮಂದಿಯೆಲ್ಲ ಕೂಡಿ ಓದಬಹುದೇ ಎಂದು ಹಿರಿಯರು ಕೇಳಿದರೆ, ಮೊದಲು ಇದನ್ನೇ ಓದಿರೆಂದು ಹೇಳುವೆವು.

ನಮ್ಮನ್ನು ಬಾಧಿಸುವ ಪ್ರಶ್ನೆ ಬೇರೆ. ಅವನ ಎಳೆಯ ಒಲವನ್ನು ನೆನೆಸಿಯೇ ಅವಳು ಬೇಡಿದಳಷ್ಟೆ? ಆ ಭಿಕ್ಷೆಯ ಬೆಲೆ ಮತ್ತೊಬ್ಬನ ಪ್ರಾಣವಾಗಬಹುದೆಂದು ಅವಳಿಗೆ ಹೊಳೆಯಲಿಲ್ಲವೆ? ನಾಲ್ಕು ಮಕ್ಕಳನ್ನು ಕಳೆದುಕೊಂಡ ತಾಯಿ ಆಕೆ. ನಾವು ಆಕೆಯನ್ನು ದೂಷಿಸಲಾರೆವು. ಹಾಗೆಂದು ಆ ಬೇಡಿಕೆ ನ್ಯಾಯವಾದುದೆನ್ನಲೂ ನಾಲಗೆ ಏಳದು. ರಾವಣನ ಸಂಕಟವು ಅವನೇ ತಂದುಕೊಂಡದ್ದು. ಲಹನಾಸಿಂಗನದು ಇನ್ನೊಬ್ಬರು ಅವನ ಮೇಲೆ ಹೊರಿಸಿದ್ದು.

ಆ ಸಂದೇಶವನ್ನು ಗಂಡನು, ಅರ್ಥ ತಿಳಿಯದೆಯೇ, ಹೆಂಡತಿಗೆ ಮುಟ್ಟಿಸಬೇಕು. ಅದನ್ನು ಕೇಳಿ ಅವಳ ಮುಖ ಹೇಗಾಯಿತೆಂಬುದನ್ನು ಗುಲೇರಿಯವರು ಬರೆಯಲಿಲ್ಲ. ಕೆಲವು ದಿನಗಳ ಮೇಲೆ ವೃತ್ತಪತ್ರಿಕೆಯ ಮೃತರ ಪಟ್ಟಿಯಲ್ಲಿ ಜಮಾದಾರ ಲಹನಾಸಿಂಗನ ಹೆಸರು ಬರುತ್ತದೆ. ಕಥೆ ಅಲ್ಲಿಗೆ ನಿಲ್ಲುತ್ತದೆ.