ದಂಡ ಹೊಡೆದ ತೋಳಿಗೆ ಕಬ್ಬಿಣದ ಪಾಠ

(ನಮ್ಮ ಸಂಘದ ವ್ಯಾಯಾಮ ಕೂಟದಲ್ಲಿ ಮಾಡಿದ ಭಾಷಣ)



ಬೋನಸ್ಸಿನ ವಿಷಯದಲ್ಲಿ, ರಜೆಯ ವಿಷಯದಲ್ಲಿ ಮಾತಾಡಿ ನಮಗೆ ಅಭ್ಯಾಸವುಂಟು. ಕಬ್ಬಿಣ ಎತ್ತುವ ವಿಷಯದಲ್ಲಿ ಇದೇ ಮೊದಲು. ಏಳನೆಯ ತರಗತಿಗೆ ಶಾಲೆ ಬಿಟ್ಟು ಮಿಕ್ಕಿದ್ದನ್ನು ಅಡಿಗೆಮನೆಯಲ್ಲಿ ಕಲಿತವರು ನಾವು. ತಪ್ಪಿದ್ದರೆ ತಿದ್ದಬೇಕು.

ಹೋಟೆಲಿನಲ್ಲಿ ಕ್ಲೀನರ್ ಆಗಿದ್ದ ಕಾಲದಿಂದಲೂ ನಮಗೆ ದಂಡ ಹೊಡೆಯುವ ರೂಢಿ. ಬೆಳಗಿನ ನಾಲ್ಕಕ್ಕೆ, ಇಡ್ಲಿಯ ಒಲೆ ಹೊತ್ತಿಸುವ ಮೊದಲು, ಮಹಡಿಯ ಮೇಲೆ ಅರುವತ್ತು ದಂಡ. ದುಡ್ಡಿನ ಖರ್ಚಿಲ್ಲ, ಚಾಪೆಯಷ್ಟು ಜಾಗ ಸಾಕು. ಅರುವತ್ತು ದಂಡ ಹೊಡೆಯುವವನಿಗೆ ಯಾವ ಭಾರ ಲೆಕ್ಕ ಎಂಬ ಜಂಬವೂ ಜೊತೆಗೇ ಬೆಳೆಯಿತು. ಅದು ಇಳಿದದ್ದು ತಿರುವಲ್ಲಿಕೇಣಿಯ ಒಂದು ವ್ಯಾಯಾಮಶಾಲೆಯಲ್ಲಿ. ಬೆಂಚಿನ ಮೇಲೆ ಅಂಗಾತ ಮಲಗಿ, ಸರಳನ್ನು ಎದೆಗೆ ಇಳಿಸಿ ಮೇಲೆತ್ತಬೇಕು. ಇದಕ್ಕೆ ಬೆಂಚ್ ಪ್ರೆಸ್ ಎನ್ನುತ್ತಾರೆ. ನಲುವತ್ತು ಕಿಲೋ ಹಾಕಿಸಿಕೊಂಡೆವು. ಎರಡು ಸಲ ಎತ್ತಿದೆವು. ಸರಳು ಗಾಳಿಗೆ ಸಿಕ್ಕ ಬಾಳೆಲೆಯಂತೆ ಒಲೆಯಿತು. ಮೂರನೆಯ ಸಲ ಎದೆಯ ಮೇಲೆ ಕೂತದ್ದು ಮೇಲೇಳಲಿಲ್ಲ. ಪಕ್ಕದ ಇಬ್ಬರು ಹುಡುಗರು ಓಡಿ ಬಂದು ಎತ್ತಿದರು. ಎಡ ಭುಜ ಉಳುಕಿ, ಹದಿನೈದು ದಿನ ಸಾಂಬಾರಿನ ಪಾತ್ರೆ ಎತ್ತಲಾಗಲಿಲ್ಲ. ಆ ದಿನಗಳ ಕೂಲಿ ಹೋಯಿತು. ಹುಡುಗರು ನಕ್ಕರೆಂಬ ಬೇಸರಕ್ಕಿಂತ ಅದೇ ಹೆಚ್ಚು ಉರಿಯಿತು.

ಹಾಗಾದರೆ ದಂಡದ ಶಕ್ತಿ ಸುಳ್ಳೇ? ಸುಳ್ಳಲ್ಲ. ಮೈ ನೆಟ್ಟಗಿಟ್ಟು ಹೊಡೆಯುವ ದಂಡದಲ್ಲಿ ಕೈಯ ಮೇಲೆ ಬೀಳುವುದು ದೇಹದ ತೂಕದ ಸುಮಾರು ಮೂರರಲ್ಲಿ ಎರಡು ಪಾಲು. ಅರುವತ್ತು ಕಿಲೋ ಆಳಿಗೆ ನಲುವತ್ತು ಕಿಲೋ ಆಯಿತು. ನಾವು ಮಾಡಿದ ಲೆಕ್ಕವೂ ಅದೇ. ಆದರೆ ದಂಡದಲ್ಲಿ ಕೈ ನೆಲಕ್ಕೆ ಊರಿರುತ್ತದೆ, ನೆಲ ಅಲ್ಲಾಡುವುದಿಲ್ಲ. ಬೆಂಚಿನಲ್ಲಿ ಮೈ ಊರಿರುತ್ತದೆ, ಅಲ್ಲಾಡುವುದು ಕೈಯಲ್ಲಿರುವ ಕಬ್ಬಿಣ. ಅದನ್ನು ಒಂದೇ ದಾರಿಯಲ್ಲಿ ಇಳಿಸಿ ಏರಿಸುವುದನ್ನು ನರಗಳು ಹೊಸದಾಗಿ ಕಲಿಯಬೇಕು. ಗರಡಿಯವರ ದಂಡದಲ್ಲಂತೂ ಮೈ ಹಾವಿನಂತೆ ಸರಿಯುವುದರಿಂದ ಭಾರವೂ ಜಾಗ ಬದಲಿಸುತ್ತಿರುತ್ತದೆ. ಇನ್ನೊಂದು ಮಾತು: ಮೂವತ್ತು ದಂಡದಿಂದ ಅರುವತ್ತಕ್ಕೆ ಹೋದಾಗ ಎಣಿಕೆ ಏರಿತೇ ಹೊರತು ಭಾರ ಏರಲಿಲ್ಲ. ಅದರಿಂದ ದಮ್ಮು ಬೆಳೆಯಿತು. ಭಾರ ಎತ್ತುವ ಬಲಕ್ಕೆ ಭಾರವೇ ಏರಬೇಕು.

ದಂಡ ನಮ್ಮದು, ಕಬ್ಬಿಣ ಪರದೇಶದ್ದು ಎನ್ನುವ ಹಿರಿಯರಿದ್ದಾರೆ. ಅವರಿಗೆ ಬೆಂಗಳೂರಿನ ಕೆ. ವಿ. ಅಯ್ಯರ್ ಅವರನ್ನು ನೆನಪಿಸುತ್ತೇವೆ. ‘ಶಾಂತಲಾ’ ಕಾದಂಬರಿ ಬರೆದವರೆಂದು ಬಹಳ ಮಂದಿ ಬಲ್ಲರು. ಅವರ ವ್ಯಾಯಾಮಶಾಲೆಯಲ್ಲಿ ಸೂರ್ಯನಮಸ್ಕಾರವೂ ಇತ್ತು, ಕಬ್ಬಿಣದ ಸರಳೂ ಇತ್ತು, ಎರಡಕ್ಕೂ ಜಗಳವಿರಲಿಲ್ಲ. ಸಣ್ಣ ಮೈಯವರಿಗೆ ಕಬ್ಬಿಣ ಒಗ್ಗದು ಎಂಬುದೂ ಮಾತಲ್ಲ. ನಮ್ಮ ಕುಂದಾಪುರದ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡೆಯಲ್ಲಿ 56 ಕಿಲೋ ವರ್ಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ತಂದರು. ಅದು ನಿಂತು ತಲೆಯ ಮೇಲೆ ಎತ್ತುವ ಪಂದ್ಯ, ಬೆಂಚಿನದಲ್ಲ. ಆದರೂ ಮೈಯ ಗಾತ್ರ ನೋಡಿ ಹೆದರಬೇಡಿ ಎಂಬುದಕ್ಕೆ ಸಾಕ್ಷಿ ಸಾಕು.

ಇನ್ನು ಕ್ರಮ. ಖಾಲಿ ಸರಳಿನಿಂದ ಆರಂಭಿಸಿ, ನಾಚಿಕೆ ಬೇಡ. ಪಂದ್ಯದ ಸರಳು 20 ಕಿಲೋ. ಸಣ್ಣ ಶಾಲೆಗಳಲ್ಲಿ ಹಗುರದ್ದೂ ಇರುತ್ತದೆ, ಕೇಳಿಯೇ ಹಿಡಿಯಿರಿ. ಪಾದ ನೆಲಕ್ಕೆ ಒತ್ತಿರಲಿ. ಬೆನ್ನಿನ ಎರಡು ಹಲಗೆ ಮೂಳೆಗಳನ್ನು ಹಿಂದಕ್ಕೆ ಕೂಡಿಸಿ ಬೆಂಚಿಗೆ ಒತ್ತಿ. ಭುಜ ಉಳಿಯುವುದು ಇದರಿಂದಲೇ, ನಾವು ಕೆಟ್ಟದ್ದೂ ಇದನ್ನು ತಿಳಿಯದೆಯೇ. ಹೆಬ್ಬೆರಳು ಸರಳನ್ನು ಸುತ್ತಿರಲಿ. ಮೊಣಕೈ ಶಿಲುಬೆಯಂತೆ ಅಡ್ಡಡ್ಡ ಹರಡದೆ ಸ್ವಲ್ಪ ಪಕ್ಕೆಯ ಕಡೆಗೆ ವಾಲಲಿ. ಸರಳು ಇಳಿಯಬೇಕಾದ್ದು ಎದೆಯ ಕೆಳಭಾಗಕ್ಕೆ, ಕುತ್ತಿಗೆಗಲ್ಲ. ಎದೆಗೆ ಬಡಿದು ಪುಟಿಸಬೇಡಿ.

ವಾರಕ್ಕೆ ಎರಡು ದಿನ, ನಡುವೆ ಎರಡು ದಿನವಾದರೂ ಬಿಡುವು. ಎಂಟೆಂಟರಂತೆ ಮೂರು ಸಲ; ಸಲಕ್ಕೂ ಸಲಕ್ಕೂ ನಡುವೆ ಎರಡು ಮೂರು ನಿಮಿಷ ದಣಿವಾರಿಸಿಕೊಳ್ಳಿ. ಇನ್ನೂ ಒಂದೆರಡು ಎತ್ತಬಲ್ಲೆ ಎನ್ನುವಾಗಲೇ ನಿಲ್ಲಿಸಿ. ಮೂರೂ ಸಲ ನೆಟ್ಟಗೆ ಮುಗಿದರೆ ಮುಂದಿನ ಬಾರಿ ಎರಡೂವರೆ ಕಿಲೋ ಸೇರಿಸಿ, ಪಕ್ಕಕ್ಕೆ ಒಂದೂಕಾಲರಂತೆ. ಮೊದಲ ವಾರಗಳಲ್ಲಿ ಭಾರ ಬೇಗ ಏರುತ್ತದೆ; ಅದು ಮಾಂಸ ಬೆಳೆದದ್ದಲ್ಲ, ನರ ಕಲಿತದ್ದು. ಆಮೇಲೆ ನಿಧಾನ. ಆಗ ಎಂಟರ ಬದಲು ಐದೈದು ಎತ್ತಿ ಭಾರ ಹೆಚ್ಚಿಸಬಹುದು. ಎದೆಗೆ ಒತ್ತಿದಷ್ಟು ಬೆನ್ನಿಗೂ ಎಳೆಯುವ ಕೆಲಸ ಕೊಡಿ. ದಿನವಿಡೀ ಹಿಟ್ಟು, ತಟ್ಟೆ, ಬಕೆಟ್ಟು ಎಂದು ಮುಂದಕ್ಕೆ ಬಾಗುವ ನಮಗೆ ಇದು ಬಹಳ ಮುಖ್ಯ. ದಂಡ ಬಿಡಬೇಕಾಗಿಲ್ಲ, ಬೆಂಚಿನ ಮುಂಚೆ ಹೊಡೆದು ತೋಳು ಸೋಲಿಸಬೇಡಿ, ಅಷ್ಟೆ. ಬೆಂಚಿಲ್ಲದವರು ಕಾಲನ್ನು ಸ್ಟೂಲಿನ ಮೇಲಿಟ್ಟು, ಬೆನ್ನಿಗೆ ಅಕ್ಕಿಯ ಸಣ್ಣ ಚೀಲ ಕಟ್ಟಿ ದಂಡ ಹೊಡೆಯಲಿ. ಭಾರ ಅಲ್ಲಿಯೂ ಏರುತ್ತದೆ.

ಒಂಟಿಯಾಗಿ ಮಾತ್ರ ಬೇಡ. ಪೆರಂಬೂರಿನ ಬಿನ್ನಿ ಗಿರಣಿ 1996ರಲ್ಲಿ ಮುಚ್ಚುವವರೆಗೂ ಅಲ್ಲಿ ದುಡಿದ ಹಿರಿಯರೊಬ್ಬರು ನಮ್ಮ ಪಾಡು ಕೇಳಿ, “ಮೂಟೆ ಹೊರುವಾಗ ಹಿಂದೆ ಒಬ್ಬ ನಿಲ್ಲುತ್ತಿದ್ದ, ನಿಮ್ಮ ಬೆಂಚಿಗೆ ಯಾರೂ ಇಲ್ಲವೇನು?” ಎಂದರು. ತಲೆಯ ಹಿಂದೆ ಒಬ್ಬ ನಿಂತಿರಲಿ. ಕೈ ಸೋತಾಗ ಎರಡು ಬೆರಳ ಸಹಾಯ ಸಾಕಾಗುತ್ತದೆ. ಯಾರೂ ಸಿಗದ ದಿನ ತುದಿಯ ಬೀಗ ಹಾಕದಿರಿ. ಸಿಕ್ಕಿಬಿದ್ದರೆ ಒಂದು ಪಕ್ಕಕ್ಕೆ ವಾಲಿಸಿ ಬಿಲ್ಲೆ ಬೀಳಿಸಬಹುದು. ಸದ್ದಾದರೆ ಆಗಲಿ.

ಊಟದ ಮಾತು ಎತ್ತಿದರೆ ನೀವು ನಗುತ್ತೀರಿ: ಊರಿಗೆಲ್ಲ ಬಡಿಸುವವನ ತಟ್ಟೆಯಲ್ಲಿ ಅನ್ನ, ತಿಳಿಸಾರು. ಅನ್ನದಿಂದ ಮಾತ್ರ ತೋಳು ಬೆಳೆಯದು. ಬೇಳೆ, ಮೊಸರು, ನೆಲಗಡಲೆ, ತಿನ್ನುವವರಿಗೆ ಮೊಟ್ಟೆ ಮೀನು, ಇವು ಪ್ರತಿ ಊಟದಲ್ಲೂ ಬೇಕು. ಡಬ್ಬಿಯ ಪುಡಿಗೆ ಸಾಲ ಮಾಡಬೇಡಿ. ನಿದ್ರೆ ಕಡಮೆಯಾದ ದಿನ, ಎರಡು ಪಾಳಿ ದುಡಿದ ದಿನ ಭಾರ ಏರಿಸುವುದೇ ಬೇಡ. ಈ ಊರಿನ ಸೆಕೆಯಲ್ಲಿ ನೀರು ಕುಡಿದೇ ಇಳಿಯಿರಿ.

ಸಂಘದ ಹಿಂದಿನ ಕೋಣೆಯಲ್ಲಿ ಈಗ ಒಂದು ಬೆಂಚು, ಒಂದು ಸರಳು, ಎಪ್ಪತ್ತು ಕಿಲೋ ಬಿಲ್ಲೆ ಇವೆ. ಹೋಟೆಲಿನವರಿಗೆ ಮಧ್ಯಾಹ್ನ ಮೂರರಿಂದ ಐದು, ಗಿರಣಿಯವರಿಗೆ ಸಂಜೆ ಪಾಳಿ ಬಿಟ್ಟ ಮೇಲೆ. ಇಬ್ಬಿಬ್ಬರಾಗಿ ಹೆಸರು ಬರೆಸಿ. ಒಂಟಿ ಹೆಸರು ಬರೆದುಕೊಳ್ಳುವುದಿಲ್ಲ.