ಹೇಮಾವತಿ ಹುಟ್ಟುವ ಕಡೆ

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿ ಸೀಮೆಯಲ್ಲಿ ಆಷಾಢದ ಮೋಡ ಬರಿಗೈಯಲ್ಲಿ ಹೋದರೂ ರೈತ ಅಷ್ಟಾಗಿ ಎದೆಗುಂದುವುದಿಲ್ಲ. ಅವನು ವಿಚಾರಿಸುವುದು ಸಕಲೇಶಪುರದ ಕಡೆ ಮಳೆ ಹೇಗಿದೆ ಎಂದು. ಅಲ್ಲಿ ವರ್ಷಕ್ಕೆ 2000 ಮಿಲಿಮೀಟರ್ ದಾಟುವ ಮಳೆ, ಹೊಳೆನರಸೀಪುರದ ಹೊತ್ತಿಗೆ ಅದರ ಅರ್ಧವೂ ಉಳಿದಿರುವುದಿಲ್ಲ. ತಿರುಮಕೂಡಲಿನ ನರಸೀಪುರದಿಂದ ಬೇರೆಯೆಂದು ತೋರಿಸಲು ಊರಿನ ಹೆಸರಿಗೇ ಅಂಟಿಕೊಂಡ ಆ ‘ಹೊಳೆ’ ಬದುಕಿರುವುದು ಮಲೆನಾಡಿನ ಸಾಲದ ಮೇಲೆ.

ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ, ಬಲ್ಲಾಳರಾಯನದುರ್ಗದ ಬೆಟ್ಟಸಾಲಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿ. ಅರಬ್ಬೀ ಸಮುದ್ರ ಅಲ್ಲಿಗೆ ನೇರ ಗೆರೆಯಲ್ಲಿ ಅರವತ್ತು ಎಪ್ಪತ್ತು ಕಿಲೋಮೀಟರ್ ಅಷ್ಟೆ. ಆದರೂ ಹೊಳೆ ಆ ಕಡೆ ತಿರುಗಿಯೂ ನೋಡದೆ, ಸುಮಾರು 245 ಕಿಲೋಮೀಟರ್ ಹರಿದು ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಕೂಡಿ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ. ಏಕೆ ಹೀಗೆ? ದಖನ್ನಿನ ನೆಲವೇ ಪೂರ್ವಕ್ಕೆ ವಾಲಿದೆ. ಘಟ್ಟದ ಪಶ್ಚಿಮ ಮುಖ ಮಾತ್ರ ಗೋಡೆಯಂತೆ ಕಡಿದು. ಅದೇ ದುರ್ಗದ ಇನ್ನೊಂದು ಮಗ್ಗುಲಿಗೆ ಬಿದ್ದ ನೀರು ಬಂಡಾಜೆಯಲ್ಲಿ ಅರ್ಬಿಯಾಗಿ ಧುಮುಕಿ ನೇತ್ರಾವತಿಯನ್ನು ಸೇರುತ್ತದೆ. ಎರಡು ಹನಿಗಳ ನಡುವೆ ಬೆಟ್ಟದ ಒಂದು ಏಣು, ಅಷ್ಟೇ ಅಂತರ. ದಕ್ಷಿಣಕ್ಕೆ ಬಿಸಿಲೆಯ ಬಳಿಯೂ ಇಂಥ ಏಣೊಂದಿದೆ. ಒಂದು ಕಡೆಯ ನೀರು ಕುಮಾರಧಾರೆಗೆ, ಇನ್ನೊಂದು ಕಡೆಯದು ಹೇಮಾವತಿಗೆ.

ಪೂರ್ವದ ಇಳಿಜಾರು ನಿಧಾನವಾದದ್ದು. ನೆತ್ತಿಯ ಮೇಲೆ ಹುಲ್ಲುಗಾವಲು, ಮಡಿಲುಗಳಲ್ಲಿ ಶೋಲಾ ಕಾಡು, ಕೆಳಗೆ ಮರದ ನೆರಳಿನ ಕಾಫಿ ಮತ್ತು ಏಲಕ್ಕಿ, ತೀರಾ ಕೆಳಗೆ ಗದ್ದೆಬಯಲು. ಈ ಕ್ರಮಕ್ಕೆ ಅರ್ಥವಿದೆ. ಕಾಡಿನ ತರಗೆಲೆ, ಬೇರು, ಸಡಿಲ ಮಣ್ಣು ಮುಂಗಾರಿನ ನೀರನ್ನು ಹೀರಿಕೊಂಡು ಮಾಗಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುತ್ತವೆ. ಗದ್ದೆಯ ಬದುಗಳೂ ಅದೇ ಕೆಲಸ ಮಾಡುತ್ತವೆ. ಅನ್ನಕ್ಕಾಗಿ ಕಟ್ಟಿದ ಬದು ಹೊಳೆಗೂ ಆಸರೆ ಎಂಬುದು ಗದ್ದೆ ಪಾಳುಬಿದ್ದ ಮೇಲೆಯೇ ಅರಿವಿಗೆ ಬರುವ ಸಂಗತಿ. ಇಳಿಜಾರನ್ನು ಕಡಿದು ರಸ್ತೆ ಮಾಡಿದಲ್ಲಿ ನೀರು ಇಂಗುವುದಿಲ್ಲ, ಮಣ್ಣನ್ನೇ ಹೊತ್ತು ಇಳಿಯುತ್ತದೆ. 2018ರ ಆಗಸ್ಟ್‌ನಲ್ಲಿ ಈ ಸೀಮೆ ಅದನ್ನು ಕಂಡಿತು. 2024ರ ಜುಲೈನಲ್ಲಿ ದೊಡ್ಡತಪ್ಪಲಿನಲ್ಲಿ ಹೆದ್ದಾರಿಯ ಮೇಲೆ, ಎಡಕುಮೇರಿ–ಕಡಗರವಳ್ಳಿ ನಡುವೆ ರೈಲುಹಳಿಯ ಬಳಿ ಮತ್ತೆ ಗುಡ್ಡ ಕುಸಿಯಿತು.

ಸಕಲೇಶಪುರ ದಾಟಿದ ಹೊಳೆಗೆ ಬಾಬಾಬುಡನ್ ಗಿರಿಯಿಂದ ಬೇಲೂರಿನ ಮೇಲೆ ಬಂದ ಯಗಚಿ ಜೊತೆಯಾಗುತ್ತದೆ. ಮುಂದೆ ಗೊರೂರು, 1979ರಲ್ಲಿ ಮುಗಿದ ಅಣೆಕಟ್ಟು, ಸುಮಾರು 37 ಟಿ.ಎಂ.ಸಿ. ನೀರು. ಅದರ ನಾಲೆಗಳು ತುಮಕೂರಿನವರೆಗೂ ಹೋಗಿವೆ. ಬೆಲೆ ಕೊಟ್ಟವರು ಹಿನ್ನೀರಿನ ಹಳ್ಳಿಗಳವರು. ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯ ಗೋಡೆಗಳು ಜಲಾಶಯ ತುಂಬಿದಾಗ ಮುಳುಗಿ, ಬೇಸಿಗೆಯಲ್ಲಿ ಮೇಲೇಳುತ್ತವೆ.

ಈಗ ಏಣಿನ ಆಚೆಯ ನೀರನ್ನೂ ಈಚೆಗೆ ತರಲಾಗುತ್ತಿದೆ. ಸಕಲೇಶಪುರದ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಪಶ್ಚಿಮದ ತೊರೆಗಳಿಂದ ಪಂಪಿನಲ್ಲಿ ಎತ್ತಿ 24 ಟಿ.ಎಂ.ಸಿ. ನೀರನ್ನು ಪೂರ್ವದ ಬಯಲಿಗೆ ಕೊಡುವುದು ಲೆಕ್ಕ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನವೊಂದು ಅಲ್ಲಿ ಸಿಗುವುದು 9.55 ಟಿ.ಎಂ.ಸಿ. ಎಂದಿತ್ತು. ಎರಡು ಲೆಕ್ಕಗಳಲ್ಲಿ ಯಾವುದು ನಿಜವೆಂದು ಮಳೆಗಾಲಗಳೇ ಹೇಳಬೇಕು. ಆದರೆ ಒಂದನ್ನು ಮರೆಯುವಂತಿಲ್ಲ: ಏಣಿನ ಎರಡು ಮಗ್ಗುಲಿಗೂ ಮಳೆ ತರುವುದು ಒಂದೇ ಮುಂಗಾರು. ಅದು ಕೈಕೊಟ್ಟ ವರ್ಷ ಹೇಮಾವತಿಯೂ ಎತ್ತಿನಹೊಳೆಯೂ ಒಟ್ಟಿಗೇ ಸೊರಗುತ್ತವೆ.