ಬರೆದ ಕೋಡ್, ತರಿಸಿದ ಕೋಡ್



ಸುಮಾರು ಐವತ್ತು ವರ್ಷದ ಹಿಂದಿನ ಮಾತು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೀವ್ ಜಾನ್ಸನ್ ಎಂಬ ಪ್ರೋಗ್ರಾಮರ್ ವಿಧಿಯನ್ನು ಶಪಿಸುತ್ತ ಸಹೋದ್ಯೋಗಿ ಸ್ಟುವರ್ಟ್ ಫೆಲ್ಡ್‌ಮನ್ ಅವರ ಕೋಣೆಗೆ ನುಗ್ಗಿದರು. ಬೆಳಗಿನಿಂದ ಕೂತು ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದ್ದರು. ಆ ತಪ್ಪನ್ನು ಆಗಲೇ ತಿದ್ದಿಯಾಗಿತ್ತು. ತಿದ್ದಿದ ಫೈಲನ್ನು ಮತ್ತೆ ಕಂಪೈಲ್ ಮಾಡುವುದೊಂದು, ಅಂದರೆ ಯಂತ್ರ ಓಡಿಸಬಲ್ಲ ರೂಪಕ್ಕೆ ತರುವುದೊಂದು, ಮರೆತುಹೋಗಿತ್ತು. ಹಿಂದಿನ ದಿನ ಸಂಜೆ ಫೆಲ್ಡ್‌ಮನ್ ಅವರಿಗೂ ಇದೇ ಪಾಡಾಗಿತ್ತು. ಯಾವ ಫೈಲು ಯಾವುದನ್ನು ನೆಚ್ಚಿಕೊಂಡಿದೆ ಎಂದು ಬರೆದಿಟ್ಟರೆ, ತಿದ್ದಿದ ಹೊತ್ತನ್ನು ನೋಡಿ ಬೇಕಾದ್ದನ್ನಷ್ಟೇ ಮತ್ತೆ ಕಟ್ಟಿಕೊಡುವ ಒಂದು ಉಪಕರಣವನ್ನು ಅವರು ಒಂದು ವಾರಾಂತ್ಯದಲ್ಲಿ ಶುರುಮಾಡಿದರು. 1976ರಲ್ಲಿ ಬಂದ ಅದರ ಹೆಸರು ಮೇಕ್. ಇವತ್ತಿಗೂ ಬಳಕೆಯಲ್ಲಿದೆ.

ಮೇಕ್ ಬಳಸಿದವರಿಗೆಲ್ಲ ಒಂದು ಸಂಗತಿ ಗೊತ್ತು. ಅದರ ಫೈಲಿನಲ್ಲಿ ಆಜ್ಞೆಯ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು. ಎಂಟು ಸಲ ಸ್ಪೇಸ್ ಒತ್ತಿದರೆ ಕಣ್ಣಿಗೆ ಹಾಗೇ ಕಾಣುತ್ತದೆ, ಮೇಕ್ ಮಾತ್ರ ಒಪ್ಪುವುದಿಲ್ಲ. ಇದು ಸರಿಯಿಲ್ಲವೆಂದು ಫೆಲ್ಡ್‌ಮನ್ ಅವರಿಗೆ ಬೇಗನೆ ಅನ್ನಿಸಿತು. ಅಷ್ಟರಲ್ಲಿ ಒಂದು ಡಜನ್ ಮಂದಿ, ಹೆಚ್ಚಿನವರು ಗೆಳೆಯರು, ಬಳಸತೊಡಗಿದ್ದರು. ಅವರಿಗೆ ತೊಂದರೆ ಕೊಡುವುದು ಬೇಡವೆಂದು ಬಿಟ್ಟರು. ಆ ದಾಕ್ಷಿಣ್ಯ ಐದು ದಶಕಗಳಿಂದ ಉಳಿದುಕೊಂಡು ಬಂದಿದೆ.

ಮನೆಯಲ್ಲಿದ್ದ ಸಾಮಾನನ್ನು ಮೇಕ್ ಜೋಡಿಸಿಕೊಡುತ್ತಿತ್ತು. ಇಲ್ಲದ್ದನ್ನು ತರುವವರು ಯಾರು? ಪರ್ಲ್ ಭಾಷೆಯವರು 1995ರಲ್ಲಿ ಸಿಪ್ಯಾನ್ ಎಂಬ ಉಗ್ರಾಣ ತೆರೆದರು. ಬರೆದ ಕೋಡನ್ನು ಯಾರು ಬೇಕಾದರೂ ಅಲ್ಲಿಡಬಹುದು, ಯಾರು ಬೇಕಾದರೂ ಒಯ್ಯಬಹುದು. ಡೆಬಿಯನ್ ಲಿನಕ್ಸ್‌ಗೆ 1998ರಲ್ಲಿ ಆಪ್ಟ್ ಬಂತು. ಒಂದನ್ನು ಕೇಳಿದರೆ, ಅದಕ್ಕೆ ಬೇಕಾದ ಇನ್ನು ಹತ್ತನ್ನು ತಾನೇ ಹುಡುಕಿ ತರುತ್ತದೆ. ಗುಬ್ಬಿ, ನವಿಲು ಎಂಬ ನಮ್ಮ ಕನ್ನಡದ ಫಾಂಟುಗಳು ಡೆಬಿಯನ್ ಕಂಪ್ಯೂಟರಿಗೆ ಬರುವುದೂ ಇದೇ ದಾರಿಯಲ್ಲಿ. ಜಾವಾದಲ್ಲಿ 2004ರ ಮೇವನ್ ತರುವ ಕೆಲಸ, ಕಟ್ಟುವ ಕೆಲಸ ಎರಡನ್ನೂ ಒಂದೇ ಕಡೆ ತಂದಿತು. ಪೈಥಾನ್‌ನಲ್ಲಿ ಬಹುಕಾಲ ಒಂದು ತೊಡಕಿತ್ತು: ಪ್ಯಾಕೇಜಿಗೆ ಏನೇನು ಬೇಕೆಂದು ತಿಳಿಯಲು ಅದರೊಳಗಿನ ಪ್ರೋಗ್ರಾಮನ್ನೇ ಓಡಿಸಿ ನೋಡಬೇಕಿತ್ತು. ಅಲ್ಲಿ ಒಂದರ ಮೇಲೊಂದು ಉಪಕರಣ ಹುಟ್ಟಲು ಇದೂ ಒಂದು ಕಾರಣ.

ಈಗ 2010ಕ್ಕೆ ಬರೋಣ. ಆ ವರ್ಷ ಜಾವಾಸ್ಕ್ರಿಪ್ಟ್ ಲೋಕಕ್ಕೆ ಎನ್‌ಪಿಎಂ ಬಂತು. ತರಿಸುವುದು ಎಷ್ಟು ಸುಲಭವಾಯಿತೆಂದರೆ, ಹತ್ತು ಸಾಲಿನ ಕೋಡನ್ನೂ ಬರೆಯುವ ಬದಲು ತರಿಸಿಕೊಳ್ಳುವುದು ರೂಢಿಯಾಯಿತು. ಲೆಫ್ಟ್-ಪ್ಯಾಡ್ ಅಂಥದ್ದೇ ಒಂದು ಪ್ಯಾಕೇಜ್, ಹನ್ನೊಂದು ಸಾಲು. 7 ಕೊಟ್ಟರೆ ಎಡಕ್ಕೆ ಸೊನ್ನೆ ಸೇರಿಸಿ 007 ಮಾಡಿಕೊಡುವುದು ಅದರ ಕೆಲಸ. 2016ರ ಮಾರ್ಚ್ 22ರಂದು, ಹೆಸರಿನ ವಿಚಾರದಲ್ಲಿ ಎದ್ದ ಜಗಳದಿಂದ ಬೇಸತ್ತ ಅದರ ಕರ್ತೃ ತನ್ನ ಪ್ಯಾಕೇಜುಗಳನ್ನೆಲ್ಲ ಉಗ್ರಾಣದಿಂದ ತೆಗೆದುಹಾಕಿದರು. ಲೆಫ್ಟ್-ಪ್ಯಾಡನ್ನು ನೆಚ್ಚಿಕೊಂಡವರನ್ನು ನೆಚ್ಚಿಕೊಂಡವರ ಬಿಲ್ಡುಗಳು ಲೋಕದ ತುಂಬ ನಿಂತವು. ಕೆಲವೇ ಗಂಟೆಗಳಲ್ಲಿ ಎನ್‌ಪಿಎಂನವರೇ ಅದನ್ನು ಮತ್ತೆ ಇಟ್ಟರು. ಪ್ರಕಟಿಸಿದ್ದನ್ನು ಮನಬಂದಂತೆ ತೆಗೆಯುವಂತಿಲ್ಲ ಎಂಬ ನಿಯಮ ಆಮೇಲೆ ಬಂತು. ಕೆಟ್ಟ ಮೇಲೆ ಬುದ್ಧಿ, ಅಟ್ಟ ಮೇಲೆ ಒಲೆ.

ಇನ್ನೊಂದು ಬುದ್ಧಿ ಅಷ್ಟರಲ್ಲಾಗಲೇ ರೂಬಿ ಭಾಷೆಯಲ್ಲಿತ್ತು. ಅದೇ ಲಾಕ್ ಫೈಲ್. ನಾವು ಸಾಮಾನಿನ ಚೀಟಿ ಬರೆಯುವಾಗ "ಆವೃತ್ತಿ 1.2 ಅಥವಾ ಅದಕ್ಕಿಂತ ಹೊಸದು" ಎಂದಿಷ್ಟೇ ಬರೆಯುತ್ತೇವೆ. ಇವತ್ತು 1.2.3 ಬರಬಹುದು, ನಾಳೆ ಗೆಳೆಯನ ಕಂಪ್ಯೂಟರಿಗೆ 1.2.9 ಬರಬಹುದು. ಲಾಕ್ ಫೈಲ್ ಅಂಗಡಿಯ ಬಿಲ್ಲಿನ ಹಾಗೆ: ನಿಜವಾಗಿ ಬಂದದ್ದು ಯಾವುದೆಂದು ಅಕ್ಷರಶಃ ಬರೆದಿಡುತ್ತದೆ. ಲಾಕ್ ಫೈಲ್ ಬರೆಯುವ ರೂಬಿಯ ಉಪಕರಣ ಬಂಡ್ಲರ್‌ಗಾಗಿ ದುಡಿದ ಯಹೂದಾ ಕಾಟ್ಸ್ ಮತ್ತು ಕಾರ್ಲ್ ಲರ್ಚ್ ಅವರೇ 2014ರಲ್ಲಿ ರಸ್ಟ್ ಭಾಷೆಗೆ ಕಾರ್ಗೋ ಕಟ್ಟಿದರು. ತರುವುದು, ಕಟ್ಟುವುದು, ಪರೀಕ್ಷಿಸುವುದು ಎಲ್ಲ ಒಂದೇ ಕೈಯಲ್ಲಿ. 2015ರಲ್ಲಿ ರಸ್ಟ್‌ನ ಮೊದಲ ಸ್ಥಿರ ಆವೃತ್ತಿ ಬರುವ ಹೊತ್ತಿಗೆ ಕಾರ್ಗೋ ಅದರ ಜೊತೆಗಿತ್ತು. ಈ ಪೈಕಿ ನನ್ನ ಮನಸ್ಸು ಒಪ್ಪಿದ್ದು ಕಾರ್ಗೋ. ಭಾಷೆ ಮತ್ತು ಉಪಕರಣ ಒಟ್ಟಿಗೆ ಬೆಳೆದರೆ ಪೈಥಾನ್‌ನವರು ಪಟ್ಟ ಪಾಡು ತಪ್ಪುತ್ತದೆ.

ಆದರೆ ಲಾಕ್ ಫೈಲಿಗೂ ಒಂದು ಮಿತಿಯಿದೆ. ಬಂದದ್ದು ಅದೇ ಎಂದು ಅದು ಹೇಳೀತು, ಒಳ್ಳೆಯದೆಂದು ಹೇಳಲಾರದು. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಡೆಬಿಯನ್‌ನ ಅಸ್ಥಿರ (ಅನ್‌ಸ್ಟೇಬಲ್) ಆವೃತ್ತಿಯಲ್ಲಿ ಕೆಲಸ ಮಾಡುವಾಗ, ದೂರದ ಕಂಪ್ಯೂಟರಿಗೆ ಹೋಗುವ ದಾರಿಯಾದ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿರುವುದನ್ನು ಗಮನಿಸಿದರು. ಜಾಡು ಹಿಡಿದು ಹೋದರೆ ಎಕ್ಸ್‌ಝೆಡ್ ಎಂಬ ಲೈಬ್ರರಿಯಲ್ಲಿ ಕಳ್ಳಬಾಗಿಲು ಸಿಕ್ಕಿತು. ಎಲ್ಲರೂ ಓದಬಹುದಾದ ಮೂಲ ಕೋಡಿನಲ್ಲಿ ಅದರ ಬೀಗದಕೈ ಇರಲಿಲ್ಲ. ಬಿಡುಗಡೆಯ ಕಟ್ಟಿನೊಳಗೆ, ಬಿಲ್ಡ್ ನಡೆಸುವ ಸ್ಕ್ರಿಪ್ಟಿನಲ್ಲಿ ಇತ್ತು. ಆ ಲೈಬ್ರರಿಯನ್ನು ವರ್ಷಗಟ್ಟಲೆ ಒಬ್ಬರೇ, ಸಂಬಳವಿಲ್ಲದೆ, ನೋಡಿಕೊಂಡು ಬಂದಿದ್ದರು. ದಣಿದ ಅವರಿಗೆ ನೆರವಾಗುವ ನೆಪದಲ್ಲೇ ಕಳ್ಳ ಒಳಗೆ ಬಂದಿದ್ದ.

ಸಾಫ್ಟ್‌ವೇರ್ ಕೆಲಸದಲ್ಲಿರುವ ಕೇಳುಗರಲ್ಲಿ ನನ್ನದೊಂದು ಕೋರಿಕೆ. ನಾಳೆ ನಿಮ್ಮ ಪ್ರಾಜೆಕ್ಟಿನ ಲಾಕ್ ಫೈಲನ್ನು ಒಮ್ಮೆ ತೆರೆಯಿರಿ. ಅದರಲ್ಲಿ ಯಾವುದಾದರೂ ಒಂದು ಹೆಸರು ಹಿಡಿದು ಅದನ್ನು ಬರೆದವರು ಯಾರು, ಎಷ್ಟು ಮಂದಿ, ಅವರಿಗೆ ಏನು ಬೇಕಾಗಿದೆ ಎಂದು ನೋಡಿ, ಕೈಲಾದ ನೆರವು ಕೊಡಿ.